ಬೆಳಗ್ಗೆ ನಿಂತು ಹೋಗುವ ಗಾಡಿ, ರಾತ್ರಿ ಕಾದಿರಿಸಿದ ಸೀಟು: ಕೇಯೋ 5000 ಸರಣಿಯ ಪ್ರಕರಣ

ಟೋಕಿಯೋದ ಶಿಂಜುಕುವಿನಿಂದ ಪಶ್ಚಿಮಕ್ಕೆ ಹೊರಡುವ, ಕೇಯೋ ಎಂಬ ರೈಲು ಕಂಪನಿಯ ಮುಖ್ಯ ಮಾರ್ಗದ ಉದ್ದ, ಕೊನೆಯ ನಿಲ್ದಾಣ ಕೇಯೋ-ಹಾಚಿಯೋಜಿಯವರೆಗೆ 37.9 ಕಿಲೋಮೀಟರ್. ನಡುವೆ ಚೋಫುವಿನಲ್ಲಿ ಸಾಗಾಮಿಹಾರಾ ಮಾರ್ಗ ಕವಲೊಡೆದು ಇನ್ನೂ 22.6 ಕಿ.ಮೀ. ಓಡಿ ಹಶಿಮೊತೊ ಸೇರುತ್ತದೆ. ತಾಮಾ ನ್ಯೂ ಟೌನ್ ಎಂಬ ದೊಡ್ಡ ವಸತಿ ಪ್ರದೇಶದ ಜನ ದಿನಾ ಕೆಲಸಕ್ಕೆ ಹೋಗಿಬರುವ ದಾರಿಗಳಲ್ಲಿ ಇದೂ ಒಂದು. ಬೆಳಗ್ಗೆ ಹತ್ತು ಡಬ್ಬಿಯ ಗಾಡಿಯಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ರಾತ್ರಿ ಎಂಟಾದ ಮೇಲೆ ಅದೇ ಜನ ದಣಿದು ವಾಪಸಾಗುತ್ತಾರೆ. ಸೀಟೊಂದು ಖಚಿತವಾಗಿ ಸಿಗುವುದಾದರೆ ಟಿಕೆಟ್ಟಿನ ಮೇಲೆ ಇನ್ನಷ್ಟು ಕೊಡಲು ಅವರಲ್ಲಿ ಒಂದು ಪಾಲು ಜನ ತಯಾರಿದ್ದರು.

ಹಾಗೆ ಮಾರಲು ಕೇಯೋ ಬಳಿ ಸೀಟೇ ಇರಲಿಲ್ಲ. ಪ್ರಕರಣ ಶುರುವಾಗುವುದು ಇಲ್ಲಿಂದ. ಅದೇ ಶಿಂಜುಕುವಿನಿಂದ ಹೊರಡುವ ಓದಾಕ್ಯೂ ಕಂಪನಿಗೆ ಹೆಸರುವಾಸಿಯಾದ ರೊಮ್ಯಾನ್ಸ್‌ಕಾರ್ ಇತ್ತು. ಸೇಬು ಕಂಪನಿ 1969ರಿಂದಲೇ ರೆಡ್ ಆ್ಯರೋ ಓಡಿಸುತ್ತಿತ್ತು. ಎರಡೂ ಪ್ರವಾಸಿಗಳಿಗೆಂದೇ ಕಟ್ಟಿದ ಗಾಡಿಗಳು, ಸಂಜೆಯ ಹೊತ್ತು ಮನೆಗೆ ಮರಳುವವರಿಗೂ ಒದಗುತ್ತಿದ್ದವು. ಕೇಯೋದ ಅತಿ ವೇಗದ ಗಾಡಿಗೂ ಮಾಮೂಲಿ ಟಿಕೆಟ್ ಸಾಕು, ಒಳಗೆ ಗೋಡೆಗೆ ಬೆನ್ನು ಕೊಟ್ಟ ಉದ್ದ ಬೆಂಚು.

ಪ್ರತ್ಯೇಕ ಎಕ್ಸ್‌ಪ್ರೆಸ್ ರೇಕುಗಳನ್ನು, ಅಂದರೆ ಡಬ್ಬಿಗಳನ್ನು ಜೋಡಿಸಿದ ಇಡೀ ಗಾಡಿಗಳನ್ನು, ಕೊಳ್ಳಬಹುದಿತ್ತು. ಆದರೆ ಈ ಮಾರ್ಗಕ್ಕೆ ಆ ಲೆಕ್ಕ ಕೂಡಿಬರುವುದಿಲ್ಲ. ಪೂರ್ತಿ ದಾರಿ ಸುಮಾರು ಮುಕ್ಕಾಲು ಗಂಟೆಯೊಳಗಿನದು. ಪ್ರವಾಸಿಗಳನ್ನು ಸೆಳೆಯುವ ದೊಡ್ಡ ತಾಣ ಎಂದರೆ ತಕಾವೊ ಬೆಟ್ಟ, ಅದೂ ಹೆಚ್ಚಾಗಿ ರಜೆಯ ದಿನಗಳಲ್ಲಿ. ವಾರದ ಐದು ದಿನವೂ ಎಕ್ಸ್‌ಪ್ರೆಸ್ ಗಾಡಿ ರಾತ್ರಿ ನಾಲ್ಕು ತಾಸು ದುಡಿದು, ಉಳಿದ ಹೊತ್ತು ಡಿಪೊದಲ್ಲಿ ಹಳಿ ಹಿಡಿದು ನಿಲ್ಲಬೇಕಾಗುತ್ತಿತ್ತು. ಬೆಳಗಿನ ನೂಕುನುಗ್ಗಲಿನಲ್ಲಿ ಅದನ್ನು ಓಡಿಸುವಂತೆಯೂ ಇಲ್ಲ. ಎರಡು ಕಿರಿದಾದ ಬಾಗಿಲಿನ ಡಬ್ಬಿ ಪ್ರತಿ ನಿಲ್ದಾಣದಲ್ಲೂ ಜನರನ್ನು ಇಳಿಸಿ ಹತ್ತಿಸುವಷ್ಟರಲ್ಲಿ ಹಿಂದಿನ ಗಾಡಿ ಸಿಗ್ನಲ್‌ನಲ್ಲಿ ನಿಂತಿರುತ್ತದೆ. ಶಿಂಜುಕುವಿನ ಕೇಯೋ ಟರ್ಮಿನಲ್ಲಿನಲ್ಲಿ ಇರುವುದೇ ಮೂರು ಹಳಿ, ಅದೂ ನೆಲದಡಿಯಲ್ಲಿ.

ಆದ್ದರಿಂದ ಕಂಪನಿ ಆರಿಸಿಕೊಂಡದ್ದು ಎರಡೂ ಕೆಲಸ ಮಾಡುವ ಒಂದೇ ಗಾಡಿಯನ್ನು: ಸೀಟುಗಳನ್ನು ತಿರುಗಿಸಿ ಬೆಂಚಿನ ಸಾಲನ್ನು ಮುಂದಕ್ಕೆ ಮುಖ ಮಾಡಿಸಬಹುದಾದ 5000 ಸರಣಿ. ಮೊದಲ ಹಂತದಲ್ಲಿ ಹತ್ತು ಡಬ್ಬಿಯ ಐದು ರೇಕು, ಒಟ್ಟು 50 ಡಬ್ಬಿ. 2017ರ ಸೆಪ್ಟೆಂಬರ್ 29ರಂದು ಇವು ಸಾಮಾನ್ಯ ಲೋಕಲ್ ಗಾಡಿಗಳಾಗಿ ಓಡಲು ಶುರುಮಾಡಿದವು. ಕಾದಿರಿಸಿದ ಸೀಟಿನ ‘ಕೇಯೋ ಲೈನರ್’ ಸೇವೆ ಬಂದದ್ದು 2018ರ ಫೆಬ್ರವರಿ 22ರಂದು. ಹಣ ತರುವ ಕೆಲಸಕ್ಕೆ ಇಳಿಸುವ ಮೊದಲು ಸುಮಾರು ಐದು ತಿಂಗಳು ಗಾಡಿಯನ್ನು ದಿನದ ದುಡಿಮೆಯಲ್ಲೇ ಪಳಗಿಸಿದರು. ಸೀಟು ತಿರುಗಿಸುವ ಯಂತ್ರ ಹೊತ್ತ ಹೊಸ ಗಾಡಿಗೆ ಇದಕ್ಕಿಂತ ಒಳ್ಳೆಯ ಕ್ರಮ ಇರಲಾರದು.

ತಿರುಗುವ ಸೀಟು ಕೇಯೋದ ಆವಿಷ್ಕಾರವೇನಲ್ಲ. ಕಿಂತೆತ್ಸು ಕಂಪನಿ 1996ರಲ್ಲಿ ಹಳೆಯ ಗಾಡಿಯೊಂದನ್ನು ಮಾರ್ಪಡಿಸಿ ಇದನ್ನು ಪರೀಕ್ಷಿಸಿತ್ತು, ಮರುವರ್ಷ 5800 ಸರಣಿಯಲ್ಲಿ ಹೊಸದಾಗಿಯೇ ಕಟ್ಟಿತು. ತೋಬು ಕಂಪನಿ 2008ರ ಜೂನ್‌ನಲ್ಲಿ ಇಕೆಬುಕುರೊದಿಂದ ಹೊರಡುವ ಟಿಜೆ ಲೈನರ್‌ಗೆ 50090 ಮಾದರಿಯನ್ನು ಇಳಿಸಿ, ಇಂಥ ಸೀಟಿಗೆ ಬೆಲೆ ಕಟ್ಟಿ ಮಾರಬಹುದು ಎಂದು ತೋರಿಸಿಕೊಟ್ಟಿತು. ಸೇಬು ಕಂಪನಿಯ 40000 ಸರಣಿ 2017ರ ಮಾರ್ಚ್‌ನಲ್ಲಿ ಎಸ್-ಟ್ರೇನ್ ಆಗಿ ಹೊರಟಿತು. ಕೇಯೋ ಬಂದದ್ದು ಇವೆಲ್ಲವನ್ನೂ ನೋಡಿಕೊಂಡ ಮೇಲೆ.

ಸೀಟು ತಿರುಗುವ ಬಗೆ

ದಿನದ ಹೊತ್ತು ಸೀಟುಗಳು ಕಿಟಕಿಗೆ ಬೆನ್ನು ಮಾಡಿ ಉದ್ದಕ್ಕೆ ಸಾಲಾಗಿ ನಿಂತಿರುತ್ತವೆ. ರಾತ್ರಿ ಇಬ್ಬರು ಕೂರುವ ಒಂದೊಂದು ಜೋಡಿಯೂ 90 ಡಿಗ್ರಿ ತಿರುಗಿ ಗಾಡಿ ಹೋಗುವ ದಿಕ್ಕಿಗೆ ಮುಖ ಮಾಡುತ್ತದೆ. ಕೇಳಲು ಸುಲಭ. ಕಷ್ಟ ಎಲ್ಲಿದೆ ಎನ್ನುವುದು ಅಳತೆ ಹಿಡಿದರೆ ಗೊತ್ತಾಗುತ್ತದೆ.

ಲೆಕ್ಕ ಸುಲಭವಾಗಲೆಂದು ಇಲ್ಲಿ ದುಂಡು ಅಂಕಿ ಇಟ್ಟುಕೊಳ್ಳೋಣ: ಜೋಡಿ ಸೀಟಿನ ಅಗಲ 1 ಮೀಟರ್, ಆಳ 60 ಸೆಂಟಿಮೀಟರ್. ಬೆನ್ನು ಗೋಡೆಗೆ ಒರಗಿದ್ದಾಗ ಸೀಟಿನ ನಡುಬಿಂದು ಗೋಡೆಯಿಂದ 30 ಸೆಂ.ಮೀ. ದೂರದಲ್ಲಿರುತ್ತದೆ. ತಿರುಗಿ ನಿಂತ ಮೇಲೆ ಅದೇ ಬಿಂದು 50 ಸೆಂ.ಮೀ. ದೂರದಲ್ಲಿರಬೇಕು. ಆದರೆ ತಿರುಗುವಾಗ ಗೋಡೆಯತ್ತ ಚಾಚುವುದು ಸೀಟಿನ ಮೂಲೆ. ನಡುವಿನಿಂದ ಮೂಲೆಗೆ 58 ಸೆಂ.ಮೀ. ಆಗುತ್ತದೆ. ಎಂದರೆ ಸೀಟು ನಿಂತಲ್ಲೇ ಗಿರ್ರನೆ ತಿರುಗುವಂತಿಲ್ಲ. ಮೊದಲು ಡಬ್ಬಿಯ ನಡುವಿನ ದಾರಿಯ ಕಡೆಗೆ ಒಂದು ಗೇಣಿಗಿಂತ ಹೆಚ್ಚು ಸರಿಯಬೇಕು, ತಿರುಗಬೇಕು, ಮತ್ತೆ ಸ್ವಲ್ಪ ಗೋಡೆಯತ್ತ ಹಿಂದೆ ಸರಿದು ಕೂರಬೇಕು. ಸರಿಯುವುದು, ತಿರುಗುವುದು ಈ ಎರಡು ಚಲನೆಗಳನ್ನೂ ಸೀಟಿನ ಕೆಳಗಿನ ಪೀಠದಲ್ಲೇ ಅಡಗಿಸಬೇಕು. ಮಾಮೂಲಿ ಲೋಕಲ್ ಗಾಡಿಗಳಲ್ಲಿ ಅದೇ ಜಾಗದಲ್ಲಿ ಹೀಟರ್ ಕೂತಿರುತ್ತದೆ ಎನ್ನುವುದನ್ನೂ ನೆನಪಿಡಬೇಕು.

ಪಕ್ಕದ ಸೀಟಿನದು ಇನ್ನೊಂದು ತೊಡಕು. ಮೂರು ಜೋಡಿಗಳು 1.1 ಮೀಟರ್ ಅಂತರದಲ್ಲಿ ಸಾಲಾಗಿವೆ ಎನ್ನಿ. ಒಂದೇ ಹೊತ್ತಿಗೆ, ಒಂದೇ ವೇಗದಲ್ಲಿ ತಿರುಗಿದರೂ ಸುಮಾರು 30 ಡಿಗ್ರಿ ದಾಟುವಾಗ ಅಕ್ಕಪಕ್ಕದ ಸೀಟುಗಳು ಒಂದಕ್ಕೊಂದು ತಾಗುತ್ತವೆ. ಕಾಗದದ ಮೇಲೆ ಎರಡು ಆಯತ ಕತ್ತರಿಸಿ ತಿರುಗಿಸಿ ನೋಡಿದರೆ ಯಾರಿಗಾದರೂ ಇದು ಕಾಣುತ್ತದೆ. ಹಾಗಾಗಿ ಇಂಥ ಸೀಟುಗಳ ಚಲನೆಗೆ ಸರದಿಯೋ, ಮುಂದೆ ಹಿಂದೆ ಸರಿಸುವ ಉಪಾಯವೋ ಬೇಕೇ ಬೇಕು. ಒಂದು ಸೀಟು ಮುಂದಕ್ಕೆ ಬಂದು ದಾರಿ ಬಿಟ್ಟರೆ ಮಾತ್ರ ಪಕ್ಕದ್ದಕ್ಕೆ ತಿರುಗಲು ಜಾಗ.

ಇಡೀ ಗಾಡಿಯ ಸೀಟುಗಳು ಚಾಲಕನ ಕ್ಯಾಬಿನ್ನಿನಿಂದ ಕೊಡುವ ಆದೇಶಕ್ಕೆ ತಾವಾಗಿಯೇ ತಿರುಗುತ್ತವೆ. ಲೈನರ್ ಆಗಿ ಬಂದ ಗಾಡಿ ಮತ್ತೆ ಲೈನರ್ ಆಗಿಯೇ ವಾಪಸು ಹೊರಡಬೇಕಾದರೆ 180 ಡಿಗ್ರಿ ತಿರುಗಬೇಕು. ಇದೆಲ್ಲ ನಡೆಯಬೇಕಾದದ್ದು ಡಬ್ಬಿಗಳಲ್ಲಿ ಒಬ್ಬರೂ ಇಲ್ಲದಾಗ. ಜನ ಇಳಿದದ್ದು ಖಚಿತವಾಗಬೇಕು, ಸೀಟಿನ ಮೇಲೆ ಮರೆತ ಚೀಲವಾಗಲಿ ಸಂದಿಗೆ ಸಿಕ್ಕಿಸಿದ ಕೊಡೆಯಾಗಲಿ ಇರಬಾರದು. ಕೊಡೆಯ ವಿಷಯ ಸಣ್ಣದೆಂದು ತೋರಬಹುದು. ಜಪಾನಿನ ಮಳೆಗಾಲದಲ್ಲಿ ಗಾಡಿಗಳಲ್ಲಿ ಕೊಡೆ ಮರೆಯುವವರು ಬಹಳ. ಒಂದೇ ಒಂದು ಸೀಟು ಅರ್ಧ ತಿರುಗಿ ನಿಂತರೂ ಓಡಾಡುವ ದಾರಿ ಕಟ್ಟುತ್ತದೆ, ಪಕ್ಕದ ಸೀಟೂ ತನ್ನ ಜಾಗಕ್ಕೆ ಬರಲಾಗುವುದಿಲ್ಲ.

438ರ ಲೆಕ್ಕ

ಲೈನರ್ ಆಗಿ ಹೊರಟಾಗ ಗಾಡಿಯಲ್ಲಿ 438 ಸೀಟು. ಈ ಅಂಕಿಯನ್ನು ಬಿಡಿಸಿದರೆ ಡಬ್ಬಿಯ ಒಳಗಿನ ಏರ್ಪಾಡು ಪೂರ್ತಿ ಅರ್ಥವಾಗುತ್ತದೆ. ಪ್ರತಿ ಡಬ್ಬಿಗೆ ಒಂದೊಂದು ಬದಿಯಲ್ಲಿ ನಾಲ್ಕು ಬಾಗಿಲು, ಬಾಗಿಲುಗಳ ನಡುವೆ ಮೂರು ಅಂಕಣ. ಅಂಕಣದ ಎರಡೂ ಬದಿ ಸೇರಿ ಆರು ಜೋಡಿ, ಅಂದರೆ 12 ಸೀಟು. ಮೂರು ಅಂಕಣಕ್ಕೆ 36. ಡಬ್ಬಿಯ ತುದಿಗಳಲ್ಲಿ ಮೂರು ಜನ ಕೂರುವ ಬೆಂಚುಗಳಿವೆ, ಅವು ತಿರುಗುವುದಿಲ್ಲ. ಪ್ರತಿ ಡಬ್ಬಿಯಲ್ಲೂ ಒಂದು ಮೂಲೆಯನ್ನು ಗಾಲಿಕುರ್ಚಿ ಮತ್ತು ಮಕ್ಕಳ ಗಾಡಿಗೆ ಬಿಟ್ಟಿರುವುದರಿಂದ ನಡುವಿನ ಡಬ್ಬಿಗೆ ಮೂರು ಬೆಂಚು, 9 ಸೀಟು ಉಳಿಯುತ್ತವೆ. ಒಟ್ಟು 45. ಚಾಲಕನ ಕ್ಯಾಬಿನ್ ಇರುವ ಎರಡು ತುದಿ ಡಬ್ಬಿಗಳಲ್ಲಿ ಒಂದೇ ಬೆಂಚಿಗೆ ಜಾಗ, ಹಾಗಾಗಿ 39. ಎಂಟು ನಲವತ್ತೈದು 360, ಎರಡು ಮೂವತ್ತೊಂಬತ್ತು 78, ಕೂಡಿದರೆ 438.

ಈ ಲೆಕ್ಕದಲ್ಲಿ ಎರಡು ನಷ್ಟಗಳು ಅಡಗಿವೆ. ಮೊದಲನೆಯದು ತಿರುಗದ ಬೆಂಚುಗಳದು. ತುದಿ ಬೆಂಚುಗಳ 78 ಸೀಟಿನಲ್ಲಿ ಕೂತವರು ಅಷ್ಟೇ ಹಣ ಕೊಟ್ಟು ಅಡ್ಡಡ್ಡ ಮುಖ ಮಾಡಿ ಹೋಗಬೇಕು. ತಲೆಗೆ ಆಸರೆಯಿದ್ದರೂ ಗಾಡಿ ಬ್ರೇಕ್ ಹಾಕಿದಾಗ ದೇಹ ಪಕ್ಕಕ್ಕೆ ವಾಲುತ್ತದೆ. ಎರಡನೆಯದು ಬೆಳಗಿನದು. ಇದೇ ಉದ್ದದ, ನಾಲ್ಕು ಬಾಗಿಲಿನ ಸಾಮಾನ್ಯ ಲೋಕಲ್ ಡಬ್ಬಿಯಲ್ಲಿ ಬಾಗಿಲುಗಳ ನಡುವಿನ ಬೆಂಚಿನ ಮೇಲೆ ಏಳು ಜನ ಕೂರುತ್ತಾರೆ. ತಿರುಗುವ ಸೀಟುಗಳಿಗೆ ಮಗ್ಗುಲಲ್ಲಿ ಸಂದಿ ಬೇಕು, ಕೈಯಾಸರೆ ಬೇಕು, ಆದ್ದರಿಂದ ಆರೇ ಜನ. ಡಬ್ಬಿಗೆ ಆರು ಸೀಟು ಕಡಿಮೆ, ಗಾಡಿಗೆ ಅರವತ್ತು. ಲೈನರ್‌ನ ಗೋಜಿಗೇ ಹೋಗದ, ಬೆಳಗ್ಗೆ ಮಾಮೂಲಿ ಟಿಕೆಟ್ಟಿನಲ್ಲಿ ಬರುವ ಪ್ರಯಾಣಿಕರೂ ರಾತ್ರಿಯ ಸುಖಕ್ಕಾಗಿ ತಮ್ಮ ಪಾಲು ಕೊಡುತ್ತಿದ್ದಾರೆ ಎಂದಾಯಿತು. ಇಂಥ ಗಾಡಿಯನ್ನು ಹೊಗಳುವವರು ಈ ಅರವತ್ತನ್ನು ಮೊದಲು ಹೇಳಬೇಕು ಎನ್ನುವುದು ನಮ್ಮ ಅಭಿಪ್ರಾಯ.

ಹಾಗಿದ್ದೂ ಈ ಕೊಡುಕೊಳ್ಳುವಿಕೆ ನ್ಯಾಯವಾದದ್ದೆಂದೇ ನಮಗೆ ತೋರುತ್ತದೆ. ನೂಕುನುಗ್ಗಲಿನ ಹೊತ್ತಿನಲ್ಲಿ ಮುಖ್ಯವಾಗುವುದು ಎಷ್ಟು ಜನ ನಿಲ್ಲಬಹುದು, ಎಷ್ಟು ಬೇಗ ಹತ್ತಿ ಇಳಿಯಬಹುದು ಎನ್ನುವುದು. ಆ ಎರಡನ್ನೂ ಕೇಯೋ ಮುಟ್ಟಲಿಲ್ಲ. ಬಾಗಿಲು ನಾಲ್ಕೇ ಉಳಿಯಿತು. ಶಿಂಜುಕು, ಚೋಫು, ಕೊಕುರ್ಯೋ ಮೊದಲಾದ ನಿಲ್ದಾಣಗಳ ಪ್ಲಾಟ್‌ಫಾರ್ಮ್ ಬಾಗಿಲುಗಳಿಗೆ ಸರಿಹೊಂದಲೂ ಬಾಗಿಲ ಜಾಗ ಬದಲಾಗುವಂತಿರಲಿಲ್ಲ. ಸೀಟು ಗೋಡೆಗೆ ಒರಗಿದಾಗ ನಡುವೆ ನಿಲ್ಲಲು ಸಾಮಾನ್ಯ ಲೋಕಲ್‌ನಷ್ಟೇ ಜಾಗ ಸಿಗುತ್ತದೆ, ಹಿಡಿದುಕೊಳ್ಳಲು ಮೇಲೆ ಬಳೆಗಳೂ ಇವೆ.

ಹಣದ ಕಡೆ ನೋಡಿದರೆ, ಲೈನರ್ ಶುರುವಾದಾಗ ಸೀಟಿನ ಹೆಚ್ಚುವರಿ ದರ 400 ಯೆನ್. ಗಾಡಿ ಪೂರ್ತಿ ತುಂಬಿದರೆ ಒಂದು ಸಲಕ್ಕೆ 1,75,200 ಯೆನ್. ಅದಕ್ಕಿಂತ ಹೆಚ್ಚು ಸಿಗಲು ಸಾಧ್ಯವಿಲ್ಲ. 2019ರ ಅಕ್ಟೋಬರ್‌ನಲ್ಲಿ ಮಾರಾಟ ತೆರಿಗೆ ಏರಿದಾಗ ದರ 410 ಯೆನ್ ಆಯಿತು. ಗಾಡಿಗೆ ಹಾಕಿದ ಬಂಡವಾಳವನ್ನು ಈ ಮೊತ್ತವೊಂದೇ ತೀರಿಸಲಾರದು. ಅದೇ ಗಾಡಿ ಉಳಿದ ಹೊತ್ತೆಲ್ಲ ಸಾಮಾನ್ಯ ಸೇವೆಯಲ್ಲಿ ದುಡಿಯುವುದರಿಂದಲೇ ಲೆಕ್ಕ ಕೂಡಿಬರುತ್ತದೆ.

ಉಳಿದ ಸೌಕರ್ಯಗಳು

ದೇಹ ಸ್ಟೇನ್‌ಲೆಸ್ ಸ್ಟೀಲಿನದು, ಯೋಕೊಹಾಮಾದ ಜೆ-ಟ್ರೆಕ್ ಕಾರ್ಖಾನೆಯ ಸಸ್ಟಿನಾ ಮಾದರಿ. ಲೈನರ್ ಸೀಟುಗಳ ಬಳಿ ಫೋನು, ಲ್ಯಾಪ್‌ಟಾಪ್‌ಗೆ ವಿದ್ಯುತ್ ಸಾಕೆಟ್ ಇದೆ. ವೈಫೈ ಇದೆ, ಗಾಳಿ ಶುದ್ಧಿಯ ಯಂತ್ರವಿದೆ. ಎಲ್‌ಇಡಿ ದೀಪಗಳ ಬಣ್ಣವನ್ನು ಹೊತ್ತಿಗೆ ತಕ್ಕಂತೆ ಬದಲಿಸಬಹುದು. ರಾತ್ರಿ ಹಳದಿ ಛಾಯೆಯ ಮೆಲು ಬೆಳಕು. ಶೌಚಾಲಯ ಮಾತ್ರ ಇಲ್ಲ. ಇದನ್ನು ಕೊರತೆ ಎಂದು ಎಣಿಸುವವರಿದ್ದಾರೆ. ಚಿಚಿಬು ಬೆಟ್ಟಗಳವರೆಗೆ ಹೋಗುವ ಸೇಬು 40000ದಲ್ಲಿ ಶೌಚಾಲಯವಿದೆ, ಕೇಕ್ಯೂ ಕಂಪನಿ 2021ರಲ್ಲಿ ಇಳಿಸಿದ ತಿರುಗುವ ಸೀಟಿನ ಗಾಡಿಯಲ್ಲೂ ಇದೆ. ಶೌಚಾಲಯ ಬಂದರೆ ನೀರಿನ ಟ್ಯಾಂಕು, ಕೊಳೆಯ ಟ್ಯಾಂಕು, ಡಿಪೊದಲ್ಲಿ ಅದನ್ನು ಖಾಲಿ ಮಾಡುವ ಏರ್ಪಾಡು, ಮೇಲಾಗಿ ಒಂದಷ್ಟು ಜಾಗ ಬೇಕು. ಮುಕ್ಕಾಲು ಗಂಟೆಯೊಳಗಿನ ದಾರಿಗೆ ಅದು ಬೇಡವೆಂದದ್ದು ಸರಿಯಾದ ತೀರ್ಮಾನ.

ಬಾಗಿಲ ಸಮಸ್ಯೆಗೆ ಪೂರ್ತಿ ಉತ್ತರವಿಲ್ಲ. ನಾಲ್ಕು ಅಗಲ ಬಾಗಿಲಿನ ಡಬ್ಬಿಯಲ್ಲಿ ಲೈನರ್ ಹೊತ್ತು ಬಾಗಿಲ ಮುಂದಿನ ಜಾಗವೆಲ್ಲ ಖಾಲಿ ಬಿದ್ದಿರುತ್ತದೆ. ಚಳಿಗಾಲದಲ್ಲಿ ಬಾಗಿಲು ತೆರೆದಾಗಲೆಲ್ಲ ತಣ್ಣನೆ ಗಾಳಿ ಪಕ್ಕದ ಸೀಟಿಗೆ ನೇರ ಹೊಡೆಯುತ್ತದೆ. ಬಾಗಿಲ ಪಕ್ಕದ ಎತ್ತರದ ತಡೆ ಅದನ್ನು ಸ್ವಲ್ಪ ತಗ್ಗಿಸುತ್ತದೆ, ಅಷ್ಟೆ.

ಚಕ್ರ ಮತ್ತು ಹಳಿಯ ಬಗ್ಗೆ ಒಂದು ಮಾತು. ಕೇಯೋ ಮಾರ್ಗದ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, 1,372 ಮಿಲಿಮೀಟರ್. ಹಳೆಯ ಟೋಕಿಯೋದಲ್ಲಿ ಕುದುರೆ ಎಳೆಯುತ್ತಿದ್ದ ಟ್ರಾಮಿನ ಅಳತೆ ಅದು. ನಮ್ಮ ಬ್ರಾಡ್‌ಗೇಜ್ 1,676, ಮೀಟರ್‌ಗೇಜ್ 1,000, ನಮ್ಮ ಮೆಟ್ರೋ 1,435. ಇವು ಯಾವುದಕ್ಕೂ ಅದು ಹೊಂದುವುದಿಲ್ಲ. ಕೇಯೋ ಜೊತೆ ಗಾಡಿ ಹಂಚಿಕೊಳ್ಳುವ ತೋಯೆಯ್ ಶಿಂಜುಕು ಸುರಂಗ ಮಾರ್ಗವನ್ನೂ ಇದೇ ಕಾರಣಕ್ಕೆ 1,372ಕ್ಕೇ ಕಟ್ಟಿದರು. ನಾವು ಮಾತಿನಲ್ಲಿ ಬೋಗಿ ಅಂದರೆ ಇಡೀ ಡಬ್ಬಿ. ರೈಲ್ವೆ ಕೆಲಸಗಾರರಿಗೆ ಅದು ಡಬ್ಬಿಯ ಕೆಳಗಿನ ಚಕ್ರದ ಚೌಕಟ್ಟು. 1963ರ ಹಳೆಯ ಕೇಯೋ 5000 ಸರಣಿ ನಿವೃತ್ತವಾದ ಮೇಲೆ ಬೇರೆ ಊರುಗಳ ಸಣ್ಣ ರೈಲು ಕಂಪನಿಗಳ ಪಾಲಾದಾಗ, ಅಲ್ಲಿನ ಹಳಿಗೆ ತಕ್ಕ ಬೋಗಿಗಳನ್ನು ಬೇರೆಡೆಯಿಂದ ತಂದು ಜೋಡಿಸಬೇಕಾಯಿತು. ಹೊಸ ಗಾಡಿಗೂ ಅದೇ 5000 ಎಂಬ ಸಂಖ್ಯೆ ಇದೆ.

ವಿದ್ಯುತ್ತಿನ ಕಡೆ 1,500 ವೋಲ್ಟ್ ಡಿಸಿ, ಮಾರ್ಗದ ಗರಿಷ್ಠ ವೇಗ ಗಂಟೆಗೆ 110 ಕಿ.ಮೀ., ಮೋಟಾರು ನಡೆಸುವ ಇನ್ವರ್ಟರ್‌ನಲ್ಲಿ ಸಿಲಿಕಾನ್ ಕಾರ್ಬೈಡ್ ಎಂಬ ಅರೆವಾಹಕ. ಇದಕ್ಕಿಂತ ಸ್ವಾರಸ್ಯವಾದದ್ದು ಕೆಲವು ರೇಕುಗಳಲ್ಲಿ ಇಟ್ಟಿರುವ ಲಿಥಿಯಂ ಅಯಾನ್ ಬ್ಯಾಟರಿ. ವಿದ್ಯುತ್ ಗಾಡಿ ಬ್ರೇಕ್ ಹಾಕಿದಾಗ ಮೋಟಾರೇ ಜನರೇಟರ್ ಆಗಿ ತಂತಿಗೆ ವಿದ್ಯುತ್ ಹಿಂತಿರುಗಿಸುತ್ತದೆ. ಡಿಸಿ ಮಾರ್ಗದಲ್ಲಿ ಅದನ್ನು ಹೀರಿಕೊಳ್ಳಲು ಹತ್ತಿರದಲ್ಲೇ ವೇಗ ಹೆಚ್ಚಿಸಿಕೊಳ್ಳುತ್ತಿರುವ ಇನ್ನೊಂದು ಗಾಡಿ ಬೇಕು. ಬೆಳಗ್ಗೆ ಗಾಡಿಗಳು ಬೆನ್ನಿಗೆ ಬೆನ್ನು ಇರುತ್ತವೆ, ತೊಂದರೆಯಿಲ್ಲ. ರಾತ್ರಿ ಹತ್ತರ ಮೇಲೆ ಗಾಡಿಗಳು ವಿರಳವಾದಾಗ ಹಿಂತಿರುಗಿದ ವಿದ್ಯುತ್ತಿಗೆ ಗಿರಾಕಿ ಸಿಗದೆ ತಂತಿಯ ವೋಲ್ಟೇಜ್ ಏರುತ್ತದೆ, ಆಗ ಬ್ರೇಕಿನ ಕೆಲಸ ಗಾಳಿ ಬ್ರೇಕಿಗೆ ಹೋಗಿ ಶಕ್ತಿಯೆಲ್ಲ ಬಿಸಿಯಾಗಿ ಕಳೆದುಹೋಗುತ್ತದೆ. ಬ್ಯಾಟರಿ ಇದ್ದರೆ ಅದನ್ನು ಗಾಡಿಯೊಳಗೇ ಹಿಡಿದಿಟ್ಟುಕೊಳ್ಳಬಹುದು. ತಂತಿಯ ವಿದ್ಯುತ್ ಹೋದಾಗ ಸೇತುವೆಯ ಮೇಲೋ ಸುರಂಗದಲ್ಲೋ ನಿಂತ ಗಾಡಿ ಅದೇ ಬ್ಯಾಟರಿಯಿಂದ ನಿಧಾನವಾಗಿ ಮುಂದಿನ ನಿಲ್ದಾಣಕ್ಕೆ ತೆವಳುವುದಕ್ಕೂ ದಾರಿಯಾಗುತ್ತದೆ.

ಡಬ್ಬಿಯೊಳಗಿನ ಕ್ಯಾಮೆರಾಗಳೂ ಈ ಸರಣಿಯಲ್ಲಿ ಮೊದಲಿನಿಂದಲೇ ಇವೆ. ಅವುಗಳ ಮಹತ್ವ ಗೊತ್ತಾದದ್ದು ಬೇರೆ ಗಾಡಿಯಿಂದ. 2021ರ ಅಕ್ಟೋಬರ್ 31ರ ರಾತ್ರಿ ಶಿಂಜುಕುವಿಗೆ ಬರುತ್ತಿದ್ದ ಕೇಯೋದ 8000 ಸರಣಿಯ ಗಾಡಿಯಲ್ಲಿ ಒಬ್ಬ ಚಾಕುವಿನಿಂದ ಇರಿದು ಬೆಂಕಿ ಹಚ್ಚಿದ. ಗಾಡಿ ಕೊಕುರ್ಯೋ ನಿಲ್ದಾಣದಲ್ಲಿ ತನ್ನ ಜಾಗಕ್ಕೆ ಸರಿಯಾಗಿ ನಿಲ್ಲಲಿಲ್ಲ. ಗಾಡಿಯ ಬಾಗಿಲು, ಪ್ಲಾಟ್‌ಫಾರ್ಮ್ ಬಾಗಿಲು ಎದುರುಬದುರಾಗದೆ ಜನ ಕಿಟಕಿಗಳಿಂದ ಹೊರಬಿದ್ದರು. ಆ ಗಾಡಿಯಲ್ಲಿ ಕ್ಯಾಮೆರಾ ಇರಲಿಲ್ಲ, ಒಳಗೆ ಏನಾಗುತ್ತಿದೆ ಎಂದು ಸಿಬ್ಬಂದಿ ಕಣ್ಣಾರೆ ನೋಡುವಂತಿರಲಿಲ್ಲ.

ಓಡಿಸುವಾಗಿನ ತೊಡಕು

ಆರಂಭದಲ್ಲಿ ಲೈನರ್ ಗಾಡಿಗಳು ಶಿಂಜುಕು ಬಿಟ್ಟರೆ ಹಾಚಿಯೋಜಿ ಕಡೆಗೆ ಫುಚುವರೆಗೂ, ಹಶಿಮೊತೊ ಕಡೆಗೆ ಕೇಯೋ-ನಾಗಾಯಾಮಾವರೆಗೂ ಪ್ರಯಾಣಿಕರಿಗಾಗಿ ಎಲ್ಲೂ ನಿಲ್ಲುತ್ತಿರಲಿಲ್ಲ. ಆ ನಿಲ್ದಾಣಗಳಿಂದ ಮುಂದೆ ಸೀಟಿನ ಚೀಟಿ ಇಲ್ಲದವರೂ ಹತ್ತಬಹುದು. ಇದು ಜಾಣ ಏರ್ಪಾಡು. ಟಿಕೆಟ್ ನೋಡುವ ಕೆಲಸ ಆಗ ಶಿಂಜುಕುವಿನಲ್ಲೇ ಮುಗಿಯುತ್ತಿತ್ತು, ಮುಂದಿನ ನಿಲ್ದಾಣಗಳಲ್ಲಿ ಅದಕ್ಕೆಂದೇ ಸಿಬ್ಬಂದಿ ಇಡಬೇಕಿರಲಿಲ್ಲ. ಕೊನೆಯ ಕೆಲವು ನಿಲ್ದಾಣಗಳ ನಡುವೆ ಓಡಾಡುವವರಿಗೆ ಒಂದು ಗಾಡಿ ತಪ್ಪಿದಂತೆಯೂ ಆಗುವುದಿಲ್ಲ.

ಕಷ್ಟ ಬರುವುದು ಗಾಡಿಗಳ ಎಣಿಕೆಯಲ್ಲಿ. ಮೊದಲ ಹಂತದ ಐದು ರೇಕಿನಲ್ಲಿ ಒಂದು ತಪಾಸಣೆಗೆ ಹೋದರೆ ನಾಲ್ಕೇ ಉಳಿಯುತ್ತಿದ್ದವು. ಸಾಮಾನ್ಯ ಲೋಕಲ್‌ಗೆ ಯಾವ ರೇಕು ಬಂದರೂ ನಡೆಯುತ್ತದೆ, ಲೈನರ್‌ಗೆ ಹಾಗಲ್ಲ. 438 ಸಂಖ್ಯೆಯ ಸೀಟುಗಳನ್ನು ಮಾರಿಯಾದ ಮೇಲೆ ಬೆಂಚಿನ ಗಾಡಿ ತಂದು ನಿಲ್ಲಿಸುವಂತಿಲ್ಲ. ಬೆಳಗ್ಗೆ ಎಲ್ಲೋ ಆದ ಅಡಚಣೆಯಿಂದ ರೇಕೊಂದು ತಪ್ಪಾದ ಡಿಪೊದಲ್ಲಿ ಉಳಿದರೆ ರಾತ್ರಿಯ ಸೇವೆಗೂ ಕುತ್ತು, ಮಾರಿದ ಹಣವನ್ನೂ ವಾಪಸು ಕೊಡಬೇಕು. ಲೈನರ್‌ಗೆ ಗೊತ್ತಾದ ರೇಕನ್ನು ಹಗಲಲ್ಲೂ ಅದರ ರಾತ್ರಿಯ ಸಮಯಕ್ಕೆ ತಕ್ಕಂತೆಯೇ ಓಡಿಸಬೇಕಾಗುತ್ತದೆ. ಹೊರಗಿನಿಂದ ನೋಡಿದವರಿಗೆ ಕಾಣುವುದು ತಿರುಗುವ ಸೀಟು, ನಿಯಂತ್ರಣ ಕೊಠಡಿಯವರನ್ನು ಕಾಡುವುದು ಈ ಹೊಂದಾಣಿಕೆ.

2019ರ ಫೆಬ್ರವರಿಯಲ್ಲಿ ಬೆಳಗ್ಗೆ ಶಿಂಜುಕು ಕಡೆಗೆ ಬರುವ ಲೈನರ್‌ಗಳೂ ಸೇರಿಕೊಂಡವು. ರಜಾದಿನಗಳಲ್ಲಿ ತಕಾವೊ ಬೆಟ್ಟಕ್ಕೆ ಹೋಗುವವರಿಗೆ ಇದೇ ಗಾಡಿಗಳು ಕಾದಿರಿಸಿದ ಸೀಟಿನಲ್ಲಿ ಓಡತೊಡಗಿದವು.

ಒರಗುವ ಬೆನ್ನು

ಮೊದಲ ರೇಕುಗಳ ಸೀಟಿನ ಬೆನ್ನು ಹಿಂದಕ್ಕೆ ಒರಗುತ್ತಿರಲಿಲ್ಲ. ಹಣ ಕೊಟ್ಟ ಪ್ರಯಾಣಿಕರ ಮುಖ್ಯ ಅಸಮಾಧಾನ ಇಲ್ಲೇ ಇರುವುದು ಸಹಜ. ಕಾರಣ ಕಂಪನಿಯ ಜಿಪುಣತನವಲ್ಲ. ಗೋಡೆಗೆ ಆನಿಸಿ ನಿಲ್ಲಿಸಬೇಕಾದ ಬೆನ್ನು ಹಿಂದಕ್ಕೆ ವಾಲಿದರೆ ಕಿಟಕಿಗೆ ತಾಗುತ್ತದೆ. ಅರ್ಧ ವಾಲಿದ ಸೀಟು ತಿರುಗಲು ಹೊರಟರೆ ಅದರ ಸುತ್ತಳತೆಯೇ ಬೇರೆಯಾಗಿ, ಮೇಲೆ ಹೇಳಿದ 58 ಸೆಂಟಿಮೀಟರ್ ಲೆಕ್ಕವೆಲ್ಲ ಕೆಡುತ್ತದೆ. ಹಗಲಿನ ಗಾಡಿಯಲ್ಲಿ ಯಾರೂ ಬೆನ್ನು ವಾಲಿಸದಂತೆ ಬೀಗವೂ ಬೇಕು. ಅಂದರೆ ತಿರುಗಿಸುವ ಮೊದಲು ಎಲ್ಲ ಬೆನ್ನುಗಳೂ ನೆಟ್ಟಗಾಗಬೇಕು, ಬೆಂಚಿನ ಸ್ಥಿತಿಯಲ್ಲಿ ಹಾಗೆಯೇ ಬಿಗಿದು ನಿಲ್ಲಬೇಕು. ಮೊದಲೇ ಎರಡು ಚಲನೆ ಹೊತ್ತ ಪೀಠದ ಮೇಲೆ ಇದು ಮೂರನೆಯ ಹೊರೆ. 2022ರಲ್ಲಿ ಕೇಯೋ ಒರಗುವ ಸೀಟಿನ ಹೊಸ 5000 ರೇಕನ್ನು ಪ್ರಕಟಿಸಿತು. ಹೀಗೆ ತಿರುಗುವ ಸೀಟಿಗೆ ಒರಗುವ ಬೆನ್ನು ಕೊಟ್ಟದ್ದು ಜಪಾನಿನಲ್ಲಿ ಅದೇ ಮೊದಲು.

ಅದೇ ಶಿಂಜುಕು ಮತ್ತು ಹಾಚಿಯೋಜಿಯ ನಡುವೆ ಜೆಆರ್ ಈಸ್ಟ್ ಎಂಬ ರೈಲು ಕಂಪನಿಯ ಚೂಓ ಮಾರ್ಗ ಇನ್ನೊಂದು ದಾರಿ ಹಿಡಿದಿದೆ. ಹತ್ತು ಡಬ್ಬಿಯ ಗಾಡಿಗಳ ನಡುವೆ ಎರಡು ಮಹಡಿಯ, ‘ಗ್ರೀನ್’ ಎಂದು ಕರೆಯುವ ಮೇಲ್ದರ್ಜೆಯ ಎರಡು ಡಬ್ಬಿಗಳನ್ನು ಸೇರಿಸಿ, 2025ರ ಮಾರ್ಚ್ 15ರಿಂದ ಹೆಚ್ಚುವರಿ ದರಕ್ಕೆ ಕೊಡುತ್ತಿದೆ. ಅಲ್ಲಿ ಏನನ್ನೂ ತಿರುಗಿಸಿ ರೂಪ ಬದಲಿಸಬೇಕಿಲ್ಲ, ಆ ಸೀಟುಗಳು ಬೆಳಗ್ಗೆಯೂ ರಾತ್ರಿಯೂ ಇರುತ್ತವೆ. ಅದಕ್ಕಾಗಿ ಗಾಡಿ ಹನ್ನೆರಡು ಡಬ್ಬಿಯಾಗಿ, ನಿಲ್ದಾಣ ನಿಲ್ದಾಣಕ್ಕೂ ಪ್ಲಾಟ್‌ಫಾರ್ಮ್ ಉದ್ದ ಮಾಡಬೇಕಾಯಿತು. ನೆಲದಡಿಯ ಮೂರು ಹಳಿಯ ಟರ್ಮಿನಲ್ಲಿನಲ್ಲಿ ಹತ್ತು ಡಬ್ಬಿಯ ಗಾಡಿ ನಡೆಸುವ ಕೇಯೋಗೆ ಆ ದಾರಿ ಸುಲಭದ್ದಲ್ಲ. ಇದ್ದ ಹತ್ತು ಡಬ್ಬಿಯೊಳಗೇ ಅದು ಬೆಳಗನ್ನೂ ರಾತ್ರಿಯನ್ನೂ ಹೊಂದಿಸಬೇಕು.